ಒಂದು ಲೇಬಲ್ ಕಡಿಮೆ

ಒಬ್ಬನೇ ಆಗಿದ್ದು, ಅಷ್ಟರಿಂದ ತೃಪ್ತಿಗೊಳ್ಳದೆ, ಅನೇಕನಾಗಬೇಕೆಂದು ಬಯಸಿದವನು ಪರಶಿವ. ಆ ಬಯಕೆಗಿಂತ ಹಳೆಯದಾದ ಪ್ರೇಮ ಈ ಜಗತ್ತಿನಲ್ಲಿ ಬೇರೊಂದಿಲ್ಲ. ತನ್ನ ಅರ್ಧ ಶರೀರವನ್ನು ಗೌರಿಗೆ ಬಿಟ್ಟುಕೊಟ್ಟು, ಕೊಟ್ಟದ್ದನ್ನು ಎಂದೂ ಲೆಕ್ಕಕ್ಕೆ ಹಿಡಿಯದ ಆ ಅರ್ಧನಾರೀಶ್ವರನಿಗೆ ನಮಸ್ಕಾರ. ಎಣಿಕೆಯೊಳಗೆ ಎಲ್ಲವೂ ಆಗಿ, ಎಣಿಕೆಯಾಚೆ ಬಯಲಾಗಿ ನಿಂತ ಆತನು, ಕೆಂಪು ಖಾರದ ಘಾಟಿನಲ್ಲಿ ಅರಳಿದ ಈ ಕಥೆಯನ್ನು ಹೇಳುವ ನಾಲಿಗೆಗೂ ಕೇಳುವ ಕಿವಿಗೂ ತಂಪನ್ನು ದಯಪಾಲಿಸಲಿ.

ಗೌರೀಶನು ಬಂದನೆಂಬ ಸುದ್ದಿಯನ್ನು ಕುಬಿಹಾಳದ ರೇವವ್ವನ ಖಾರದ ಮನೆಗೆ ಮುಟ್ಟಿಸುತ್ತಿದ್ದುದು ಅವನ ಮೋಟರ್‌ಸೈಕಲ್ಲಿನ ಸದ್ದಲ್ಲ, ಹೊಸ್ತಿಲ ಮೇಲೆ ಅವನು ಸೀನುತ್ತಿದ್ದ ಸೀನು. ಒಳಗೆ ಒಣಮೆಣಸಿನಕಾಯಿ ಪುಡಿಯಾಗುತ್ತಿದ್ದಾಗ ಗಾಳಿಯೇ ಕೆಂಪಗಿರುತ್ತಿತ್ತು. ಅಲ್ಲಿಯ ಹೆಂಗಸರೆಲ್ಲ ಮೂಗು ಬಾಯಿಗಳಿಗೆ ಸೆರಗು ಬಿಗಿದುಕೊಂಡು ಕೆಲಸ ಮಾಡುತ್ತಿದ್ದರು. ಗೌರೀಶನಿಗೆ ಆ ಅಭ್ಯಾಸವಿರಲಿಲ್ಲ.

"ಬಂದ್ರವಾ, ಕಂಪ್ಯೂಟರ್ ಸರ್ರು," ಎಂದಳು ಪಾಕೀಟು ಕಟ್ಟುತ್ತಿದ್ದ ಖಾತುನಬಿ, ತಲೆಯೆತ್ತದೆಯೇ. "ಎಣಿಸ್ರಿ, ಇವತ್ತ ಎಷ್ಟು ಸೀನು ಅಂತ."

ಸೀನು ನಿಂತ ಮೇಲೆ ಗೌರೀಶನು ಕಣ್ಣೊರೆಸಿಕೊಂಡು ನೋಡಿದನು. ಎದುರಿಗೆ ಎರಡು ಕಣ್ಣುಗಳು ನಿಂತಿದ್ದವು.

ಕಣ್ಣುಗಳು ಎಂದೇ ಹೇಳಬೇಕು. ಮಿಕ್ಕ ಮುಖವನ್ನೆಲ್ಲ ಹಳದಿ ಓಢಣಿ ಸುತ್ತಿಕೊಂಡಿತ್ತು. ಅವು ಸಿಟ್ಟಾಗಿದ್ದವು. ಸಿಟ್ಟಿನ ಅಂಚಿನಲ್ಲಿ ಎಲ್ಲಿಯೋ ನಗುವೂ ಇತ್ತು.

"ನಿಮ್ಮ ಮಷೀನು ಭಾಳ ಜುಗ್ಗ ಐತ್ರಿ," ಎಂದಳು ಆಕೆ.

"ಏನಾತ್ರಿ ಮೇಡಂ?"

"ಒಂದು ಲೇಬಲ್ ಕಡಿಮಿ. ಅಣ್ಣಿಗೇರಿ ಆರ್ಡರಿಗೆ ಒಂದು ಕಡಿಮಿ, ನವಲಗುಂದದ್ದಕ್ಕ ಒಂದು ಕಡಿಮಿ, ಕಲಘಟಗಿದಕ್ಕೂ ಒಂದು ಕಡಿಮಿ. ನೋಡ್ರಿ ಇದನ್ನ." ಆಕೆ ಶೇಂಗಾ ಚಟ್ನಿಯ ಒಂದು ಪಾಕೀಟನ್ನು ಅವನ ಮೂಗಿನ ಮುಂದೆ ಹಿಡಿದಳು. "ಬೋಳು ಪಾಕೀಟು. ಹಣಿ ಮ್ಯಾಲ ವಿಭೂತಿ ಇಲ್ಲದಂಗ ನಿಂತೈತಿ."

ಈಕೆ ಶೈಲಶ್ರೀ, ರೇವವ್ವನ ಮೊಮ್ಮಗಳು. ತಂದೆ ಶಂಕ್ರಪ್ಪ ಹಿಟ್ಟಿನ ಗಿರಣಿಯಂಥ ಆ ದೊಡ್ಡ ಯಂತ್ರವನ್ನು ನಡೆಸಿದರೆ, ಮಗಳು ಕಂಪ್ಯೂಟರನ್ನು ನಡೆಸುತ್ತಿದ್ದಳು. ಆ ಮನೆಯಿಂದ ಶೇಂಗಾ, ಅಗಸಿ, ಗುರೆಳ್ಳು ಚಟ್ನಿಗಳೂ ಕೆಂಪು ಖಾರವೂ ಸುತ್ತಲಿನ ತಾಲೂಕುಗಳ ಅಂಗಡಿಗಳಿಗೆ ಹೋಗುತ್ತಿದ್ದವು. ಪ್ರತಿ ಪಾಕೀಟಿನ ಮೇಲೂ ಪದಾರ್ಥದ ಹೆಸರು, ತುಂಬಿದ ದಿನ, ಯಾವ ಅಂಗಡಿಗೆ ಎಂಬ ವಿವರ ಇರಬೇಕು. ಒಬ್ಬ ಅಂಗಡಿಯವನು ಹತ್ತು ಬೇಡಿದರೆ ಮತ್ತೊಬ್ಬ ಅರವತ್ತು ಬೇಡುವನು. ಮೊದಲು ಜೆರಾಕ್ಸ್ ಹಾಳೆಗಳನ್ನು ಕತ್ತರಿಸಿ ಅಂಟಿಸುತ್ತಿದ್ದರು. ಒಮ್ಮೆ ರಾಶಿ ಮಿಗುತ್ತಿತ್ತು, ಒಮ್ಮೆ ಸಾಲುತ್ತಿರಲಿಲ್ಲ. ಕುಂದಗೋಳದ ಬಸ್ ನಿಲ್ದಾಣದೆದುರು ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅಣ್ಣಿಗೇರಿಯ ಗೌರೀಶನು ಆರ್ಡರುಗಳನ್ನೆಲ್ಲ ಡೇಟಾಬೇಸಿಗೆ ತಂದು, ಯಾರು ಎಷ್ಟು ಕೇಳಿದ್ದಾರೋ ಅಷ್ಟೇ ಲೇಬಲ್ಲುಗಳು ತಾವಾಗಿ ಹೊರಬರುವಂತೆ ಒಂದು ರಿಪೋರ್ಟ್ ಸಿದ್ಧಪಡಿಸಿ ಕೊಟ್ಟಿದ್ದನು. ಲೇಬಲ್ಲುಗಳು ಸರಿಯಾಗಿ ಬಂದ ದಿನ ಅವನ ಕೆಲಸ ಮುಗಿದಂತೆ ಎಂದು ಮಾತಾಗಿತ್ತು.

"ಕಡೀ ಲೇಬಲ್ ಮ್ಯಾಲ ಏನು ಬರದೈತಿ, ಓದ್ರಿ," ಎಂದನು.

"ಇಪ್ಪತ್ತರಲ್ಲಿ ಇಪ್ಪತ್ತನೆಯದು."

"ಅಂದ್ರ ಇಪ್ಪತ್ತು ಬಂದಾವ."

"ಬಂದಾವ. ಮತ್ತ ಪಾಕೀಟು ಬೋಳು ಉಳದೈತಿ."

"ಹಂಗಾದ್ರ ಪಾಕೀಟು ಇಪ್ಪತ್ತೊಂದು ಅದಾವ್ರಿ."

"ಇಪ್ಪತ್ತ ಅದಾವ!" ಎಂದು ಸಾಲಿನಲ್ಲಿ ಕುಳಿತ ಹೆಂಗಸರೆಲ್ಲ ಒಂದೇ ಕೊರಳಿನಲ್ಲಿ ಕೂಗಿದರು. ಅವರಲ್ಲಿ ಒಬ್ಬಳೂ ಸುಳ್ಳು ಹೇಳುತ್ತಿರಲಿಲ್ಲವೆಂಬುದು ಆ ದನಿಯಲ್ಲಿಯೇ ಇತ್ತು.

ಗೌರೀಶನು ಕಟ್ಟಿಟ್ಟಿದ್ದ ಒಂದು ಗಂಟಿಗೆ ಕೈಹಾಕಿದನು. ಮೂಲೆಯಲ್ಲಿ ಮಣೆಯ ಮೇಲೆ ಕುಳಿತಿದ್ದ ರೇವವ್ವ ಕೋಲಿನಿಂದ ನೆಲ ಕುಟ್ಟಿದಳು. "ಏ ತಮ್ಮಾ! ಕಟ್ಟಿದ ಗಂಟು ಬಿಚ್ಚಿ ಎಣಿಸಬಾರದಪಾ. ಅನ್ನಪೂರ್ಣಿ ಮುನಸ್ಕೊತಾಳ."

ಅವನು ಕೈ ಹಿಂದೆ ತೆಗೆದುಕೊಂಡನು. ಹಳದಿ ಓಢಣಿಯ ಮೇಲಿನ ಕಣ್ಣುಗಳು ಕಿರಿದಾದವು. ಓಢಣಿಯ ಹಿಂದೆ ನಗು ನಡೆದಿದೆಯೆಂಬುದಕ್ಕೆ ಅಷ್ಟೇ ಸಾಕ್ಷಿ.

"ಒಂದ ಆರ್ಡರು ಅಂದ್ರ ಕಂಪ್ಯೂಟರಿನ್ಯಾಗ ಒಂದ ಸಾಲು," ಎಂದಳು ಶೈಲಶ್ರೀ. "ಆ ಒಂದು ಸಾಲು ಇಪ್ಪತ್ತು ಲೇಬಲ್ ಹೆಂಗ ಆಗತೈತ್ರಿ? ಅದನ್ನರ ಹೇಳ್ರಿ."

ಈ ಪ್ರಶ್ನೆಯನ್ನು ಅವನಿಗೆ ಈವರೆಗೆ ಯಾವ ಅಂಗಡಿಯವನೂ ಕೇಳಿರಲಿಲ್ಲ. ಅವನಿಗೆ ಉತ್ಸಾಹವೇರಿತು.

"ಸಂಖ್ಯೆಗಳದ್ದ ಒಂದು ಬ್ಯಾರೆ ಟೇಬಲ್ ಮಾಡೇನ್ರಿ. ಒಂದು, ಎರಡು, ಮೂರು ಅಂತ ಸುಮ್ಮನ ಸಾಲಾಗಿ ಕುಂತಾವ. ಊಟದ ಪಂಕ್ತಿಯೊಳಗ ಎಲಿ ಹಾಕಿದಂಗ ಅನ್ಕೋರಿ. ಅಣ್ಣಿಗೇರಿ ಅಂಗಡಿ ಇಪ್ಪತ್ತು ಕೇಳಿದ್ರ ನಮ್ಮ ರಿಪೋರ್ಟು ಇಪ್ಪತ್ತನೇ ಎಲಿ ತನಕ ಬಡಸ್ಕೋತ ಹೋಗತೈತಿ. ಎಲಿಗೆ ಒಂದೊಂದು ಲೇಬಲ್. ಇಪ್ಪತ್ತಕ್ಕ ನಿಲ್ಲತೈತಿ."

"ಇಪ್ಪತ್ತೊಂದನೇದವ್ರು ಹಸಗೊಂಡು ಕುಂತಿದ್ರ?"

"ಅವರನ್ನ ಯಾರೂ ಕರದಿಲ್ಲಲ್ರಿ."

"ಕರೀಲಾರದ ಬಂದವ್ರಿಗೆ ನಮ್ಮನ್ಯಾಗ ಮೊದಲ ಬಡಸ್ತಾರ್ರಿ," ಎಂದು ಆ ಕಣ್ಣುಗಳು ಹಿಂದಿರುಗಿ ಹೋದವು.

ಗೌರೀಶನು ಆ ದಿನ ಕುಂದಗೋಳಕ್ಕೆ ಮರಳುವಾಗ ದಾರಿಯ ಎರಡೂ ಬದಿಗೆ ಎರೆಹೊಲಗಳ ಕಣಗಳಲ್ಲಿ ಮೆಣಸಿನಕಾಯಿ ಕೆಂಪಗೆ ಹಾಸಿತ್ತು. ಬಂದಾಗಲೂ ಅದು ಅಷ್ಟೇ ಕೆಂಪಗಿತ್ತು. ಆದರೆ ಬರುವಾಗ ಅವನು ಅದನ್ನು ನೋಡಿರಲಿಲ್ಲ.

ಅನಂತರದ ವಾರಗಳಲ್ಲಿ ಅವನು ಮತ್ತೆ ಮತ್ತೆ ಬಂದನು. ಒಮ್ಮೆ ಲೇಬಲ್ ರೋಲನ್ನು ಬದಲಿಸಿದನು, ಒಮ್ಮೆ ಕೇಬಲ್ಲನ್ನು. ಪ್ರತಿ ಸಲವೂ ಲೇಬಲ್ಲುಗಳು ಕೇಳಿದಷ್ಟೇ ಬರುತ್ತಿದ್ದವು, ಪ್ರತಿ ಸಲವೂ ಒಂದು ಪಾಕೀಟು ಬೋಳಾಗಿ ಉಳಿಯುತ್ತಿತ್ತು. ಹೆಂಗಸರು ಅದರ ಮೇಲೆ ಪೆನ್ನಿನಿಂದ ಬರೆದು ಕಳಿಸುತ್ತಿದ್ದರು. ಪರಿಚಯದ ಅಂಗಡಿಯವರು ಅದಕ್ಕೆ ಏನೂ ಅನ್ನುತ್ತಿರಲಿಲ್ಲ.

ಬಂದಾಗಲೆಲ್ಲ ಒಂದು ಕಪ್ಪು ಚಹಾ ಬರುತ್ತಿತ್ತು. ಚಹಾದ ಜೊತೆಗೆ ಒಂದು ಮಾತೂ ಬರುತ್ತಿತ್ತು.

"ಲೇಬಲ್ಲಿನ ಮೂಲ್ಯಾಗ ಈ ಸಣ್ಣ ಮೆಣಸಿನಕಾಯಿ ಚಿತ್ರ ಯಾರು ಹಾಕಿದ್ರಿ?" ಎಂದು ಅವನು ಒಂದು ದಿನ ಕೇಳಿದನು. "ನಾ ಹಾಕಿದ್ದಲ್ಲ."

"ನಾನ ಹಾಕೇನಿ. ನಿಮ್ಮ ಡಿಸೈನು ಭಾಳ ಸಪ್ಪಗಿತ್ತು. ಬರೇ ಅಕ್ಷರ, ಬರೇ ಗೆರಿ. ಖಾರದ ಪಾಕೀಟು ಅಂದ್ರ ನೋಡಿದವರ ನಾಲಿಗಿ ಚುರುಕ್ಕನಬೇಕು."

"ನನ್ನ ಕೇಳಲಾರದ ನನ್ನ ರಿಪೋರ್ಟ್ ಬದಲಿ ಮಾಡಿದ್ರಿ?"

"ನೀವು ನನ್ನ ಕೇಳಿ ಸೀನತೀರೇನು?"

ಆ ದಿನ ಆಕೆ ಅಂಗಳದ ತೊಟ್ಟಿಯ ಬಳಿ ಓಢಣಿ ಬಿಚ್ಚಿ ಮುಖ ತೊಳೆದುಕೊಂಡಳು. ಕಿಟಕಿಯಿಂದ ಅವನಿಗೆ ಕಂಡಿತು. ಎಲ್ಲ ತೊಳೆದರೂ ಮೂಗಿನ ತುದಿಯಲ್ಲಿ ಸಾಸಿವೆಯಷ್ಟು ಕೆಂಪು ಖಾರ ಉಳಿದುಕೊಂಡಿತ್ತು. ಹೇಳಬೇಕೋ ಬಾರದೋ ಎಂದು ಅವನು ಯೋಚಿಸುತ್ತಿರುವಾಗಲೇ ಆಕೆ ತಿರುಗಿ ನೋಡಿದಳು. ಅವನು ಮೂಗನ್ನು ಮುಟ್ಟಿಕೊಂಡು ಸನ್ನೆ ಮಾಡಿದನು. ಆಕೆ ಮೂಗನ್ನೊರೆಸಿಕೊಂಡಳು, ಖಾರ ಹೋಯಿತು, ಆದರೆ ಆ ಕೆಂಪು ಎರಡೂ ಕೆನ್ನೆಗಳಿಗೆ ಹಬ್ಬಿಬಿಟ್ಟಿತು. ಅಲಂಕಾರಶಾಸ್ತ್ರ ಬಲ್ಲವರು ಇದನ್ನು ಪೂರ್ವರಾಗ, ಪ್ರೇಮದ ಮೊದಲ ಬಣ್ಣ, ಎನ್ನುತ್ತಾರೆ. ಖಾತುನಬಿಗೆ ಆ ಶಾಸ್ತ್ರ ತಿಳಿಯದು. ಆಕೆ, "ಸರ್ರ, ಪ್ರಿಂಟರು ಈ ಕಡೆ ಐತ್ರಿ. ನೀರಿನ ತೊಟ್ಟ್ಯಾಗ ಇಲ್ಲ," ಎಂದಳು.

ಇಂಥ ಒಂದು ಮಧ್ಯಾಹ್ನವೇ ಗುಟ್ಟು ಬಯಲಾಯಿತು.

ಆರ್ಡರಿಗೊಂದರಂತೆ ಪಾಕೀಟುಗಳನ್ನು ಗಂಟು ಕಟ್ಟುವ ಹೊತ್ತು, ಅಂದಿನದು ಹತ್ತರ ಆರ್ಡರು. ಖಾತುನಬಿ ಒಂದೊಂದೇ ಪಾಕೀಟನ್ನು ಇಡುತ್ತ ರಾಗವಾಗಿ ಎಣಿಸುತ್ತಿದ್ದಳು. ಹತ್ತು ಎಂದು ನಿಲ್ಲಿಸಿದಳು. ಎಲ್ಲರ ಬಾಯಿ ಸುಮ್ಮನಾಯಿತು. ಆಗ ಶೈಲಶ್ರೀ ಬಂದು, ಪೂಜೆ ಮುಗಿದ ಮೇಲೆ ಕಡೆಯ ಹೂವನ್ನು ಏರಿಸುವವಳಂತೆ, ಮೇಲೊಂದು ಪಾಕೀಟನ್ನು ಇಟ್ಟಳು. ಅದನ್ನು ಯಾರೂ ಎಣಿಸಲಿಲ್ಲ. ಗಂಟು ಬಿತ್ತು.

ಗೌರೀಶನು ಮೆಲ್ಲಗೆ ರೇವವ್ವನ ಮಣೆಯ ಬಳಿ ಕುಕ್ಕರಗಾಲಿನಲ್ಲಿ ಕುಳಿತನು.

"ಆಯಿ, ಮ್ಯಾಲ ಇಟ್ಟರಲ್ರಿ, ಅದೇನ್ರಿ?"

"ಕೊಸರು."

"ಪ್ರತಿ ಗಂಟಿಗೂ ಇಡತೀರಿ?"

"ಇಡಲಾರದ? ನಮ್ಮತ್ತಿ ಬುಟ್ಟಿ ಹೊತ್ತು ಸಂತಿಗೆ ಹೋಗೂ ಕಾಲದಿಂದ ಐತಿ. ಅಳದಿದ್ದು ಅಳತಿ, ಮ್ಯಾಲೊಂದು ಹಿಡಿ ಕೊಸರು. ಮನಿಯವ್ರ ಕೈಲೇನ ಇಡಬೇಕು."

"ಮತ್ತ ಅದನ್ನ ಎಣಿಸಲಿಲ್ಲಲ್ರಿ?"

ರೇವವ್ವ ಅವನನ್ನು ಕನಿಕರದಿಂದ ನೋಡಿದಳು. "ಎಣಿಸಿದ್ರ ಅದು ಕೊಸರು ಹೆಂಗಾಗತೈತಪಾ?"

ಎಲ್ಲವೂ ತಿಳಿಯಿತು. ಹತ್ತು ಎಂದರೆ ಹತ್ತೇ, ಅವರು ಸುಳ್ಳಾಡಿರಲಿಲ್ಲ. ಹನ್ನೊಂದನೆಯದು ಅವರ ಪಾಲಿಗೆ ಸಂಖ್ಯೆಯೇ ಅಲ್ಲ. ಯಂತ್ರವೂ ತಪ್ಪಿರಲಿಲ್ಲ. ಪರಿಹಾರವೂ ಆ ಕ್ಷಣದಲ್ಲಿಯೇ ಅವನ ಮನಸ್ಸಿಗೆ ಮಿಂಚಿನಂತೆ ಹೊಳೆಯಿತು. ಅವನು ಕುರ್ಚಿಯತ್ತ ಧಾವಿಸಿದನು, ಕೈಗಳನ್ನು ಕೀಲಿಗಳ ಮೇಲಿಟ್ಟನು.

ಆದರೆ ಒತ್ತದೆ ತಡೆದನು.

ಈ ಒಂದು ಗೆರೆಯನ್ನು ಬರೆದರೆ ಲೇಬಲ್ ಸರಿಯಾಗುತ್ತದೆ. ಲೇಬಲ್ ಸರಿಯಾದರೆ ಕೆಲಸ ಮುಗಿಯುತ್ತದೆ. ಕೆಲಸ ಮುಗಿದರೆ ಕುಂದಗೋಳದಿಂದ ಕುಬಿಹಾಳಕ್ಕೆ ಬರುವ ದಾರಿ ಅಲ್ಲಿಯೇ ಇರುತ್ತದೆ, ಅವನಿಗೆ ಬರಲು ಕಾರಣವಿರುವುದಿಲ್ಲ.

"ಏನರ ಸಿಕ್ತೇನ್ರಿ?" ಎಂದಳು ಶೈಲಶ್ರೀ, ಅವನ ಹಿಂದೆ ಬಂದು.

"ಇಲ್ರಿ," ಎಂದನು ಗೌರೀಶ, ತೆರೆಯಿಂದ ಕಣ್ಣು ಕೀಳದೆ. "ಪ್ರಿಂಟರಿನ ಒಳಗೊಂದು ಕಣ್ಣು ಇರತೈತಿ. ಲೇಬಲ್ ಎಲ್ಲಿ ಮುಗೀತು ಅಂತ ನೋಡೂದು. ಅದು ಸ್ವಲ್ಪ ಮಂಜಾದಂಗ ಕಾಣತೈತಿ. ಮುಂದಿನ ವಾರ ಬಂದು ನೋಡತೇನ್ರಿ."

ಆಕೆ ಒಂದು ಗಳಿಗೆ ಅವನನ್ನೇ ನೋಡಿದಳು. "ನೋಡ್ರಿ ಹಂಗಾದ್ರ," ಎಂದಳು. "ಕಣ್ಣಿಂದು ನಾಜೂಕು ಕೆಲಸ. ಅವಸರ ಮಾಡಬ್ಯಾಡ್ರಿ."

ಹೀಗೆ ಚಳಿಗಾಲವು ಇಳಿದು ಬಿಸಿಲು ಬಲಿಯುವ ತನಕ ಆ ಮಂಜುಗಣ್ಣಿನ ಚಿಕಿತ್ಸೆ ನಡೆಯಿತು.

ಆಗ ಹುಬ್ಬಳ್ಳಿಯ ದೊಡ್ಡ ಮಳಿಗೆಯೊಂದರಿಂದ, ಅದರ ಶಾಖೆ ಶಾಖೆಗೂ ಒಂದೊಂದರಂತೆ, ಆರ್ಡರುಗಳು ಬಂದವು. ಅಷ್ಟು ದೊಡ್ಡ ಬೇಡಿಕೆಯನ್ನು ಖಾರದ ಮನೆ ಹಿಂದೆಂದೂ ಕಂಡಿರಲಿಲ್ಲ. ಇದು ಕೈಹಿಡಿದರೆ ಊರಿನ ಇನ್ನೂ ಹಲವು ಹೆಂಗಸರಿಗೆ ವರ್ಷವಿಡೀ ಕೆಲಸ. ಹಗಲಿಡೀ ಯಂತ್ರ ತಿರುಗಿತು. ಮಾಲು ಹೋದ ದಿನ ಎಲ್ಲರಿಗೂ ಹೋಳಿಗೆಯ ಊಟವೆಂದು ರೇವವ್ವ ಸಾರಿದಳು.

ಕಳಿಸುವ ದಿನ ಬೆಳಿಗ್ಗೆ ಗೌರೀಶನ ಫೋನ್ ಬಡಿದುಕೊಂಡಿತು.

"ಎಲ್ಲಿ ಅದೀರಿ?" ಶೈಲಶ್ರೀಯ ದನಿಯಲ್ಲಿ ಈ ಸಲ ನಗುವಿರಲಿಲ್ಲ. "ಈಗಿಂದೀಗ ಬರ್ರಿ. ಮಳಿಗೆಯವ್ರು ಫೋನ್ ಮಾಡಿದ್ರು. ಎಲ್ಲಾ ಪಾಕೀಟಿಗೂ ಛಾಪಿಸಿದ ಲೇಬಲ್ ಇರಬೇಕಂತ. ಪೆನ್ನಿಂದು ನಡಿಯಂಗಿಲ್ಲ. ಒಂದ ಒಂದು ಬೋಳು ಪಾಕೀಟು ಸಿಕ್ಕರೂ ಇಡೀ ಗಾಡಿ ವಾಪಸ್."

"ಮತ್ತ ಆಯಿ ಏನಂತಾರ್ರಿ?"

"ಆಯಿ ಏನಂತಾಳ? ಕೊಸರಿಲ್ಲದ ಮಾಲು ನನ್ನ ಹೊಸ್ತಿಲ ದಾಟೂದಿಲ್ಲ ಅಂತ ಬಾಗಿಲ್ದಾಗ ಮಣಿ ಹಾಕ್ಕೊಂಡು ಕುಂತಾಳ! ಮಾಲು ಒಯ್ಯಾಕ ಡ್ರೈವರ್ ಮೈಲಾರಿ ಟಂಟಂ ಗಾಡಿ ತಂದು ನಿಂತಾನ."

ಗೌರೀಶನು ಮೋಟರ್‌ಸೈಕಲ್ಲನ್ನು ಹಾರಿಸಿಕೊಂಡು ಬಂದನು. ಇಂದು ಬೆರಳು ಮಡಚುವಷ್ಟರಲ್ಲಿ ಸರಿಮಾಡಿಕೊಟ್ಟರೆ, ಇಷ್ಟು ದಿನ ಏಕೆ ಮಾಡಲಿಲ್ಲವೆಂದು ಆಕೆ ಕೇಳದೆ ಬಿಡುವಳೇ? ಬಂದು ಹೋಗುವ ನೆಪವೂ ಹೋಗುವುದು, ಆಕೆಯ ಕಣ್ಣಿನಲ್ಲಿದ್ದ ನಂಬಿಕೆಯೂ ಹೋಗುವುದು. ಆದರೆ ಅಷ್ಟು ಹೆಂಗಸರ ಬೆವರು ತನ್ನ ಆಸೆಯ ಹೊಸ್ತಿಲಲ್ಲಿ ಕಾಯುತ್ತ ನಿಂತಿದೆ. ಊರ ಅಗಸೆ ಬಾಗಿಲು ಕಾಣುವಷ್ಟರಲ್ಲಿ ಅವನ ಮನಸ್ಸು ಗಟ್ಟಿಯಾಯಿತು.

ಆ ದಿನ ಅವನು ಸೀನಲಿಲ್ಲ. ಉಸಿರು ತೆಗೆದುಕೊಳ್ಳಲು ಪುರುಸೊತ್ತಿದ್ದರೆ ತಾನೆ ಸೀನುವುದು!

"ಆಯಿ," ಎಂದನು, ಬಾಗಿಲಲ್ಲಿ ಕುಳಿತಿದ್ದ ರೇವವ್ವನಿಗೆ, "ನಿಮ್ಮ ಕೊಸರೂ ಹೋಗತೈತಿ, ಅದಕ್ಕ ಛಾಪಿಸಿದ ಲೇಬಲ್ಲೂ ಬರತೈತಿ."

"ಇಪ್ಪತ್ತು ಇದ್ದಲ್ಲಿ ಇಪ್ಪತ್ತೊಂದು ಅಂತ ಛಾಪಿಸಿದಿ ಅಂದ್ರ ನಾ ಏಳಂಗಿಲ್ಲ ನೋಡ ಮತ್ತ. ಲೆಕ್ಕಕ್ಕ ತಂದ್ರ ಅದು ವ್ಯಾಪಾರ."

"ಇಪ್ಪತ್ತೊಂದಲ್ರಿ. ಪಂಕ್ತಿ ಊಟಕ್ಕ ಎಲಿ ಹಾಕೂ ಮೊದಲು ದೇವರ ಮುಂದ ಎಡಿ ಇಡತೀರಿ. ಅದನ್ನ ಉಣ್ಣವ್ರ ಲೆಕ್ಕದಾಗ ಹಿಡೀತೀರೇನ್ರಿ?"

"ಅದನ್ನ ಯಾರು ಎಣಸ್ತಾರಪಾ?"

"ಯಾರೂ ಇಲ್ಲ. ಆದ್ರ ಅದು ಇಲ್ಲದ ಊಟ ಸುರು ಆಗೂದಿಲ್ಲ. ನನ್ನ ಸಂಖ್ಯೆಗಳ ಪಂಕ್ತ್ಯಾಗ ಅದನ್ನ ನಾ ಬಿಟ್ಟಿದ್ದೆ, ಆಯಿ. ಒಂದರಿಂದ ಸುರು ಮಾಡಿದ್ದೆ. ಒಂದಕ್ಕಿಂತ ಮೊದಲು ಒಂದು ಎಲಿ ಹಾಕಬೇಕು. ಸೊನ್ನಿ."

ರೇವವ್ವ ಕೋಲೂರಿ ಎದ್ದಳು. ಅನಂತರ ಮಣೆಯನ್ನು ಬದಿಗೆ ಸರಿಸಿದಳು.

ಗೌರೀಶನು ಕುಳಿತನು. ಸಂಖ್ಯೆಗಳ ಟೇಬಲ್ಲನ್ನು ತೆರೆದು ಅದರಲ್ಲಿ ಸೊನ್ನೆಯ ಒಂದು ಸಾಲನ್ನು ಸೇರಿಸಿದನು. ಕೇಳಿದ ಪ್ರಮಾಣವನ್ನು ಮೀರದ ಸಂಖ್ಯೆಗಳನ್ನೆಲ್ಲ ರಿಪೋರ್ಟ್ ತೆಗೆದುಕೊಳ್ಳುತ್ತಿತ್ತಷ್ಟೆ. ಸೊನ್ನೆಯು ಯಾವ ಪ್ರಮಾಣವನ್ನು ಮೀರೀತು? ಎಲ್ಲ ಆರ್ಡರಿಗೂ ಅದು ತಾನಾಗಿಯೇ ಕೂಡಿಕೊಳ್ಳುತ್ತದೆ. ಲೇಬಲ್ಲಿನಲ್ಲಿ ಎಷ್ಟನೆಯದೆಂದು ಬರೆಯುವ ಸ್ಥಳದಲ್ಲಿ, ಸಂಖ್ಯೆ ಸೊನ್ನೆಯಾದರೆ 'ಕೊಸರು' ಎಂದು ಬರೆಯಬೇಕೆಂದು ತಿಳಿಸಿದನು. ಅಷ್ಟೇ. ಅವನ ಬೆನ್ನ ಹಿಂದೆ ಹಳದಿ ಓಢಣಿ ಅಲುಗಾಡದೆ ನಿಂತಿತ್ತು.

ಪ್ರಿಂಟರು ಒಮ್ಮೆ ಗುರುಗುಟ್ಟಿತು. ಮೊದಲನೆಯ ಲೇಬಲ್ ಹೊರಬಂದಿತು. ಮೂಲೆಯಲ್ಲಿ ಸಣ್ಣ ಮೆಣಸಿನಕಾಯಿ; ಕೆಳಗೆ, ಕೊಸರು.

"ಬಂತು!" ಎಂದು ಖಾತುನಬಿ ಚೀರಿದಳು. "ಎಲ್ಲಾರಕಿಂತ ಮೊದಲ ಕೊಸರ ಬಂತವಾ!"

ಅದರ ಬೆನ್ನಿಗೆ ಒಂದನೆಯದು, ಎರಡನೆಯದು, ಮೂರನೆಯದು... ಲೇಬಲ್ಲುಗಳು ನಿಲ್ಲದ ಬಿಳಿಯ ಹರಿವಾಗಿ ಹೊರಬಂದವು. ಒಬ್ಬಳು ಕಿತ್ತುಕೊಟ್ಟರೆ ಒಬ್ಬಳು ಅಂಟಿಸಿದಳು, ಒಬ್ಬಳು ಕಟ್ಟಿದರೆ ಒಬ್ಬಳು ಹೊತ್ತಳು. ಹೊರಗೆ ಮೈಲಾರಿ ಹಾರನ್ ಬಾರಿಸಿದರೆ ಒಳಗಿನಿಂದ, "ತಡಿಯೋ ಮಾರಾಯಾ, ಮದವಿ ಗಾಡಿ ಹೊಂಡಸಾಕತ್ತೇವಿ!" ಎಂಬ ಬೈಗುಳ. ಶಂಕ್ರಪ್ಪನೇ ಯಂತ್ರ ನಿಲ್ಲಿಸಿ ಬಂದು ಗಂಟುಗಳನ್ನು ಹೇರಿದನು. ಪ್ರತಿ ಗಂಟಿನ ಮೇಲೂ ಶೈಲಶ್ರೀ ಕೊಸರನ್ನು ಇಟ್ಟಳು, ಲೇಬಲ್ ಸಹಿತ, ಎಣಿಸದೆ.

ಟಂಟಂ ಹುಬ್ಬಳ್ಳಿಯ ದಾರಿ ಹಿಡಿಯಿತು. ಹೆಂಗಸರು ಕೈಕಾಲು ತೊಳೆಯಲು ತೊಟ್ಟಿಗೆ ಹೋದರು. ಕಂಪ್ಯೂಟರಿನ ಕೋಣೆಯಲ್ಲಿ ಇಬ್ಬರೇ ಉಳಿದರು. ಬಾಗಿಲ ಹೊರಗೆ ಖಾತುನಬಿ, ಆಗಲೇ ಗುಡಿಸಿದ ನೆಲವನ್ನು ಮತ್ತೆ ಗುಡಿಸುತ್ತಿದ್ದಳು.

"ಒಂದು ಸೊನ್ನಿ," ಎಂದಳು ಶೈಲಶ್ರೀ ಮೆಲ್ಲಗೆ. "ಒಂದು ಸೊನ್ನಿ ಹಾಕಾಕ ಇಷ್ಟು ಸಲ ಬಂದ್ರ್ಯಾ?"

"ಒಂದು ಮಾತು ಹೇಳಬೇಕ್ರಿ. ಸಿಟ್ಟಾಗಬ್ಯಾಡ್ರಿ."

"ನೀವು ಹೇಳ್ರಿ. ಸಿಟ್ಟು ನನ್ನದು, ಅದನ್ನ ನಾ ನೋಡ್ಕೋತೇನಿ."

"ಕೊಸರಿಂದು ಇವತ್ತ ಗೊತ್ತಾಗಿದ್ದಲ್ಲ. ಎಂದೋ ಗೊತ್ತಾಗಿತ್ತು. ನೀವು ಮ್ಯಾಲ ಇಡೂದು ನೋಡಿ, ಆಯಿನ ಕೇಳಿ..."

"ಮತ್ತ ಪ್ರಿಂಟರಿನ ಕಣ್ಣು?"

"ಅಗದಿ ಚೊಲೋ ಐತ್ರಿ. ಮಂಜಾಗಿದ್ದು ನನ್ನದು."

"ಗೊತ್ತಿದ್ದೂ ಯಾಕ ಹೇಳಲಿಲ್ಲ?"

"ಹೇಳಿದ್ರ ಮುಗದ ಹೋಗತಿತ್ತಲ್ರಿ."

"ಏನು?"

"ಕುಬಿಹಾಳ," ಎಂದನು ಗೌರೀಶ.

ಆಕೆ ಥಟ್ಟನೆ ಮುಖ ತಿರುಗಿಸಿದಳು. ಭುಜಗಳು ಅಲುಗಾಡತೊಡಗಿದವು. ಅಳುತ್ತಿದ್ದಾಳೆಂದು ಅವನ ಜೀವ ಬಾಯಿಗೆ ಬಂದಿತು. ಆದರೆ ಆಕೆ ತಿರುಗಿದಾಗ ಓಢಣಿ ಕೊರಳಿಗೆ ಜಾರಿತ್ತು, ಮತ್ತು ಮುಖದ ತುಂಬ ನಗು. ಇಷ್ಟು ದಿನ ಬರಿಯ ಕಣ್ಣುಗಳಿಗೆ ಒಪ್ಪಿಸಿ ತಾನು ಅಡಗಿಕೊಂಡಿದ್ದ ನಗು.

"ಒಂದು ಕೇಳತೇನಿ, ಹೇಳ್ರಿ. ಗಂಟಿನ ಮ್ಯಾಲ ಕೊಸರು ಇಡೂದು ಯಾರ ಕೈ?"

"ನಿಮ್ಮ ಕೈ."

"ಕೊಸರು ಇಡಾಕಿ ನಾನು. ಲೇಬಲ್ ತಗಿಯಾಕಿ ನಾನು. ಒಂದು ಯಾಕ ಕಡಿಮಿ ಬೀಳತೈತಿ ಅಂತ ಕಂಡ ಹಿಡಿಯಾಕ ನನಗ ಅಣ್ಣಿಗೇರಿಯವ್ರ ಬೇಕಾಗಿತ್ತೇನ್ರಿ?"

ಗೌರೀಶನು ಕುರ್ಚಿಯನ್ನು ಗಕ್ಕನೆ ಆಕೆಯತ್ತ ತಿರುಗಿಸಿದನು. "ನಿಮಗ... ಮೊದಲಿಂದಲೂ ಗೊತ್ತಿತ್ತು!"

"ನೀವು ಬಂದು ಜಗಳ ಆಡಿ ಹೋದ್ರಲ್ಲ, ಆ ಸಂಜಿಗೇ ಗೊತ್ತಾತು. ಹೇಳಬೇಕಂತ ಫೋನ್ ಕೈಯಾಗ ಹಿಡದಿದ್ದೆ. ನಿಮ್ಮ ಸೀನು ನೆಪ್ಪಾತು. ನಗು ಬಂತು. ಈ ಮನಷ್ಯಾ ಇನ್ನೊಮ್ಮೆ ಬರಲಿ ಅನಸ್ತು. ಫೋನ್ ಇಟ್ಟಬಿಟ್ಟೆ." ಆಕೆಯ ದನಿ ತಗ್ಗಿತು. "ಇವತ್ತ ಮಾಲು ನಿಂತಿದ್ರ ನನ್ನ ನಾ ಕ್ಷಮಿಸ್ಕೋತಿರಲಿಲ್ಲ. ಇವತ್ತ ಹೇಳೇ ಬಿಡೂದು, ನೀವು ಸಿಟ್ಟಾದ್ರ ಆಗಲಿ ಅಂತ ಬೆಳಿಗ್ಗೇನ ಫೋನ್ ಮಾಡಿದೆ. ನೀವ ಮೊದಲು ಹೇಳಿದ್ರಿ."

"ಇಬ್ರೂ ಕಳ್ಳರ ಅದೀರಿ," ಎಂದಿತು ಬಾಗಿಲ ಹೊರಗಿನ ಕಸಬರಿಗೆ.

"ಅಕ್ಕಾ, ಗುಡಿಸಿದ್ದು ಸಾಕು, ನೆಲ ಸವಿಯತೈತಿ!" ಎಂದು ಶೈಲಶ್ರೀ ಕೂಗಿದಳು. ಕಸಬರಿಗೆ ಎರಡು ಹೆಜ್ಜೆ ದೂರ ಸರಿಯಿತು, ಹೆಚ್ಚೇನೂ ಅಲ್ಲ.

ಗೌರೀಶನಿಗೆ ನಗಬೇಕೋ ಕುಣಿಯಬೇಕೋ ತಿಳಿಯಲಿಲ್ಲ. ಆದರೂ ಒಂದು ಅಳುಕು ಇನ್ನೂ ಉಳಿದಿತ್ತು. "ಎಲ್ಲಾ ಖರೆ. ಆದ್ರ ಲೇಬಲ್ ಸರಿ ಆತು. ನನ್ನ ಕೆಲಸ ಮುಗೀತು. ಇನ್ನ ಬರಾಕ ನೆಪ ಏನೈತ್ರಿ?"

ಆಕೆ ಅವನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕುಳಿತಳು. ಹೊಸ ಆರ್ಡರೊಂದನ್ನು ತೆರೆದಳು. ಅಂಗಡಿಯ ಹೆಸರಿನ ಸ್ಥಳದಲ್ಲಿ 'ಗೌರೀಶ, ಅಣ್ಣಿಗೇರಿ' ಎಂದು ಬರೆದಳು. ಪದಾರ್ಥದ ಸ್ಥಳದಲ್ಲಿ 'ನೆಪ' ಎಂದು ಬರೆದಳು. ಪ್ರಮಾಣದ ಸ್ಥಳದಲ್ಲಿ ಬೆರಳು ಒಂದು ಕ್ಷಣ ತಡೆಯಿತು. ಅನಂತರ ಸೊನ್ನೆಯನ್ನು ಒತ್ತಿತು.

"ಸೊನ್ನಿಗೆ ಏನೂ ಬರಂಗಿಲ್ರಿ," ಎಂದನು ಅವನು, ಅಭ್ಯಾಸಬಲದಿಂದ.

"ನಿಮ್ಮ ರಿಪೋರ್ಟು ನಿಮಗ ಇನ್ನೂ ತಿಳಿದಿಲ್ಲ. ನೋಡ್ರಿ."

ಪ್ರಿಂಟರು ಗುರುಗುಟ್ಟಿತು. ಒಂದೇ ಒಂದು ಲೇಬಲ್ ಹೊರಬಂದು ನಿಂತಿತು. ಸೊನ್ನೆಗೆ ಮೊದಲು ಯಾವ ಎಲೆಯೂ ಇಲ್ಲ, ಸೊನ್ನೆಯ ಅನಂತರ ಬಡಿಸುವುದಕ್ಕೆ ಅಪ್ಪಣೆಯಿಲ್ಲ. ದೇವರ ಎಡೆಯೊಂದೇ ಉಳಿದಂತೆ, ಆ ಒಂದೇ ಉಳಿದಿತ್ತು. ಮೂಲೆಯಲ್ಲಿ ಸಣ್ಣ ಮೆಣಸಿನಕಾಯಿ. ಮೇಲೆ ಅವನ ಹೆಸರು. ಕೆಳಗೆ, ಕೊಸರು.

"ನೆಪ ಸೊನ್ನಿ ಆತು," ಎಂದಳು ಶೈಲಶ್ರೀ. "ಆದ್ರೂ ಒಂದು ಉಳೀತು ನೋಡ್ರಿ. ಇದು ಕೇಳಿ ಪಡಿಯೂದಲ್ಲ, ಲೆಕ್ಕಕ್ಕ ಹಿಡಿಯೂದಲ್ಲ. ಮನಿಯವ್ರು ತಮ್ಮ ಕೈಲೇ ಇಡೂದು."

ಆಕೆ ಲೇಬಲ್ಲನ್ನು ಕಿತ್ತು ಅವನ ಅಂಗಿಯ ಜೇಬಿನ ಮೇಲೆ ಅಂಟಿಸಿದಳು. ಅಂಚು ಏಳಬಾರದೆಂದು ಅಂಗೈಯಿಂದ ಒತ್ತಿದಳು. ಬಟ್ಟೆಯ ಹಿಂದೆ ಓಡುತ್ತಿದ್ದ ಎದೆಬಡಿತ ಆಕೆಯ ಅಂಗೈಗೆ ತಾಕಿತು. ಕೈ ಅಲ್ಲಿಯೇ ನಿಂತಿತು.

ಆಗ ಅವನಿಗೆ ಇಡೀ ದಿನದ ಸೀನು ಒಟ್ಟಿಗೇ ಬಂದಿತು.

ತೊಟ್ಟಿಯ ಬಳಿ ಹೆಂಗಸರೆಲ್ಲ ಗೊಳ್ಳನೆ ನಕ್ಕರು. ಪಡಸಾಲೆಯಿಂದ ರೇವವ್ವನ ದನಿ ಕೇಳಿಸಿತು: "ಶೈಲಾ, ಹೋಳಿಗಿ ಆರಾಕತ್ತಾವ! ಆ ತಮ್ಮನ್ನೂ ಕರಕೊಂಡ ಬಾ. ಎಲಿ ಹಾಕೇನಿ. ಶಂಕ್ರಪ್ಪಾ, ಉಂಡ ಮ್ಯಾಲ ಅಣ್ಣಿಗೇರಿಗೆ ಇವರಪ್ಪಗ ಒಂದು ಫೋನ್ ಹಚ್ಚು. ಮಾತಾಡೂದೈತಿ."

ಗೌರೀಶನು ಪಡಸಾಲೆಗೆ ಬಂದು ನೋಡಿದನು. ದೇವರ ಮುಂದೆ ಎಡೆ ಇತ್ತು. ಅದರ ಈಚೆ ಮನೆಯವರ, ಕೆಲಸದವರ ಎಲೆಗಳು ಸಾಲಾಗಿದ್ದವು. ಆ ಸಾಲಿನಲ್ಲಿ, ಶೈಲಶ್ರೀಯ ಎಲೆಯ ಬಾಜುಕ್ಕೆ, ಒಂದು ಎಲೆ ಹೆಚ್ಚಾಗಿತ್ತು. ತುಪ್ಪ ಆಗಲೇ ಬಿದ್ದಿತ್ತು.

"ಇದು ಯಾವಾಗ ಹಾಕಿದ್ರಿ, ಆಯಿ?" ಎಂದನು.

"ನೀ ಬರೂದಕ್ಕಿಂತ ಮೊದಲ," ಎಂದಳು ರೇವವ್ವ. "ಕುಂದರು."

ಹೀಗೆ ಅಳತೆಗೆ ಮೇಲೊಂದು ಹಿಡಿಯಾಗಿ ಬಂದ ಪ್ರೀತಿಯ ಕಥೆ ಇಲ್ಲಿಗೆ ಸಂಪೂರ್ಣವಾಯಿತು. ಇದನ್ನು ಓದಿದವರ, ಓದಿಸಿ ಕೇಳಿದವರ ಮನೆಯ ಪಂಕ್ತಿಯಲ್ಲಿ ಎಂದೆಂದೂ ಒಂದು ಎಲೆ ಹೆಚ್ಚಿಗೆ ಇರಲಿ, ಅದಕ್ಕೆ ತಕ್ಕ ಅತಿಥಿ ತಪ್ಪದೆ ಬರಲಿ. ದುಡಿದದ್ದು ಲೆಕ್ಕದಂತೆ ಕೈಸೇರಲಿ. ಪ್ರೀತಿಯು ಲೆಕ್ಕವನ್ನು ಮೀರಿ ಒದಗಲಿ. ಒಬ್ಬನಾಗಿರಲಾರದೆ ಇಬ್ಬರಾದ ಗೌರೀಶಂಕರರು ಸಕಲರನ್ನೂ ಜೊತೆಗೂಡಿಸಿ ಕಾಪಾಡಲಿ. ಎಲ್ಲರಿಗೂ ಮಂಗಳವಾಗಲಿ.